ಪಿಕಪ್ಪೇ ಮನೆ ಗಾಡಿಯಾದರೆ: ಚಾರ್ಮಾಡಿ ಘಾಟಿಯಲ್ಲಿ ನನಗಾದ ಅನುಭವ

ನಮ್ಮ ತೋಟ ಇರುವುದು ಮೂಡಿಗೆರೆ ಹತ್ತಿರ. ಮನೆಗೆ ಇರುವುದು ಒಂದೇ ಗಾಡಿ, ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್. ಹಿಂದೆ ಗೊಬ್ಬರದ ಚೀಲ, ಕಾಫಿ ಮೂಟೆ. ಒಳಗೆ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ವೈಟ್ ಬೋರ್ಡ್ ಗಾಡಿ, ಅಂದರೆ ಸ್ವಂತ ಬಳಕೆಯದು. ಆಸ್ಪತ್ರೆಗೂ ಅದೇ, ಮದುವೆಗೂ ಅದೇ.

ಇನ್ಶೂರೆನ್ಸ್ ಮಾಡಿಸುವಾಗ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಗಾಡಿ ಕೆಟ್ಟರೆ ನೆರವು ಕಳಿಸುವ ಪ್ಲಾನ್ ಕೂಡ ಸೇರಿಸಿದ್ದೆ. ಮಾಮೂಲಿ ಕಾರ್ ಪಾಲಿಸಿಯಲ್ಲಿ ಅಪಘಾತವಾದರೆ ಗಾಡಿ ಎಳೆಸೋಕೆ 1,500 ರೂಪಾಯಿವರೆಗೆ ಕೊಡುತ್ತಾರೆ. ಅಪಘಾತ ಇಲ್ಲದೆ ಸುಮ್ನೆ ಕೆಟ್ಟು ನಿಂತರೆ ಅದೂ ಇಲ್ಲ. ಅದಕ್ಕೇ ಒಂದಿಷ್ಟು ದುಡ್ಡು ಜಾಸ್ತಿ ಕಟ್ಟಿದ್ದೆ. ಆದರೆ ಷರತ್ತು ಓದಿರಲಿಲ್ಲ. ತಪ್ಪಾಗಿದ್ದು ಅಲ್ಲೇ.

ಹೋದ ವರ್ಷ ಜೂನ್‌ನಲ್ಲಿ ಬೆಳ್ತಂಗಡಿಯಿಂದ, ಹೆಂಡತಿಯ ತವರಿನಿಂದ ವಾಪಸ್ ಬರುತ್ತಿದ್ದೆವು. ಹಿಂದೆ ಐವತ್ತು ಕೆಜಿ ಕುಚ್ಚಲಕ್ಕಿ, ಅರವತ್ತು ತೆಂಗಿನಕಾಯಿ, ಎರಡು ಹಲಸು. ಚಾರ್ಮಾಡಿ ಘಾಟಿಯ ಒಂದು ಹೇರ್‌ಪಿನ್ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬರೀ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಸುಟ್ಟ ವಾಸನೆ ಒಳಗೆಲ್ಲಾ ತುಂಬಿತು. ಕ್ಲಚ್ ಪ್ಲೇಟ್ ಮುಗಿದಿತ್ತು. ವರ್ಷಗಟ್ಟಲೆ ಲೋಡ್ ಹಾಕಿ ಘಾಟಿ ಹತ್ತಿಸಿದವನು ನಾನೇ, ಗಾಡಿಯದೇನೂ ತಪ್ಪಿಲ್ಲ.

ಧೋ ಅಂತ ಮಳೆ. ಮಂಜು ಬೇರೆ. ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಹಿಂದಿನಿಂದ ಬಂದ ಸರ್ಕಾರಿ ಬಸ್ಸಿನ ಕಂಡಕ್ಟರ್ ತಾವೇ ಇಳಿದು ಬಂದು, "ಅಜ್ಜಿನೂ ಮಕ್ಕಳನ್ನೂ ಇಲ್ಲಿ ಕೂರಿಸ್ಬೇಡಿ ಸಾರ್, ಕೊಟ್ಟಿಗೆಹಾರಕ್ಕೆ ಬಿಡ್ತೀವಿ" ಅಂದರು. ಮನೆಯವರನ್ನೆಲ್ಲಾ ಅದರಲ್ಲಿ ಕಳಿಸಿದೆ. ಆ ಪುಣ್ಯಾತ್ಮರನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಗಾಡಿಯ ಹಿಂದೆ ಸೊಪ್ಪು ಮುರಿದು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಸಿಗ್ನಲ್ ಹುಡುಕಿ ಮೇಲಕ್ಕೆ ನಡೆದೆ.

ಕಾಲ್ ಸೆಂಟರ್‌ನಲ್ಲಿ ಎತ್ತಿದ ಹುಡುಗಿ ಗಾಡಿ ನಂಬರ್ ನೋಡಿ ಕೇಳಿದ ಮೊದಲ ಪ್ರಶ್ನೆ: "ಇದು ಗೂಡ್ಸ್ ವೆಹಿಕಲ್ ಅಲ್ವಾ ಸಾರ್? ನಿಮ್ಮ ಪ್ಲಾನ್ ಕಾರಿಗೆ ಮಾತ್ರ." ಬಾಡಿ ಟೈಪ್ ಅನ್ನುವ ಜಾಗದಲ್ಲಿ ಪಿಕಪ್ ಅಂತ ಇತ್ತು, ಅಷ್ಟೇ. ಆರ್‌ಸಿಯಲ್ಲಿ ವೆಹಿಕಲ್ ಕ್ಲಾಸ್ ಮೋಟಾರ್ ಕಾರ್ ಅಂತಲೇ ಇದೆ. ಅದರ ಫೋಟೋ ಕಳಿಸಿ, ಅವರು ಮೇಲಿನವರನ್ನು ಕೇಳಿ ಒಪ್ಪುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಮೊದಲು ಬಂದದ್ದು ಮುಂದಿನ ಚಕ್ರ ಎತ್ತಿ ಎಳೆಯುವ ಸಣ್ಣ ಕ್ರೇನ್. ನಾನು ಬೇಡ ಅಂದೆ. ಇದು ಹಿಂದಿನ ಚಕ್ರಕ್ಕೆ ಪವರ್ ಹೋಗುವ ಗಾಡಿ. ಮುಂದಿನದನ್ನು ಎತ್ತಿ ಎಳೆದರೆ ಹಿಂದಿನ ಚಕ್ರ ತಿರುಗುತ್ತಲೇ ಇರುತ್ತೆ, ಜೊತೆಗೆ ಗೇರ್‌ಬಾಕ್ಸಿಂದ ಹಿಂದಿನ ಚಕ್ರಕ್ಕೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ. ಇಂಜಿನ್ ಆಫ್ ಆಗಿರುವುದರಿಂದ ಗೇರ್‌ಬಾಕ್ಸ್ ಒಳಗೆ ಆಯಿಲ್ ಸರಿಯಾಗಿ ಎಲ್ಲಾ ಕಡೆ ಹೋಗಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಸೋಕೆ ಪರವಾಗಿಲ್ಲ, ಮಂಗಳೂರುವರೆಗೆ ಖಂಡಿತ ಆಗಲ್ಲ. ಫೋರ್ ವೀಲ್ ಡ್ರೈವ್ ಹಾಕಿ ಎಳೆದರಂತೂ, ಮುಂದಿನ ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್ ಕಥೆ ಮುಗಿದಂತೆ. ಪಿಕಪ್ ಇರುವವರು ದಯವಿಟ್ಟು ಈ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ನಾಲ್ಕೂ ಚಕ್ರ ಮೇಲೇರುವ ಫ್ಲ್ಯಾಟ್‌ಬೆಡ್ಡೇ ಬೇಕು ಅಂತ ಮೊದಲ ಫೋನಿನಲ್ಲೇ ಹೇಳಿ.

ಫ್ಲ್ಯಾಟ್‌ಬೆಡ್ ಬಂದಾಗ ಕತ್ತಲಾಗಿತ್ತು. ಅದರ ಡ್ರೈವರ್ ಟಾರ್ಚ್ ಹಾಕಿ ಹಿಂದೆ ನೋಡಿ, "ಲೋಡ್ ಇಳಿಸಿದ್ರೆ ಮಾತ್ರ ಹತ್ತಿಸ್ತೀನಿ ಅಣ್ಣ" ಅಂದ. ಷರತ್ತಿನಲ್ಲೂ ಹಾಗೇ ಬರೆದಿತ್ತು, ಆಮೇಲೆ ನೋಡಿದೆ. ಅವನೂ ನಾನೂ ಸೇರಿ ಅಕ್ಕಿ ಮೂಟೆ, ತೆಂಗಿನಕಾಯಿ, ಹಲಸು ಎಲ್ಲವನ್ನೂ ಮಳೆಯಲ್ಲಿ ರಸ್ತೆ ಬದಿಗೆ ಇಳಿಸಿದೆವು. ಗಾಡಿ ಹತ್ತಿತು. ಆದರೆ ಹಿಂದಿನ ಚಕ್ರ ಅಂಚಿನಲ್ಲೇ ನಿಂತಿತು. ಸಣ್ಣ ಕಾರುಗಳು ನಾಲ್ಕು ಮೀಟರ್ ಒಳಗೆ ಇರುತ್ತವೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ತರಹದ ಡಬಲ್ ಕ್ಯಾಬ್ ಪಿಕಪ್‌ಗಳು 5.3 ಮೀಟರ್ ಆಸುಪಾಸು, ತೂಕ ಎರಡು ಟನ್ ಹತ್ತಿರ. ಕಾರಿಗೆ ಅಂತ ಕಳಿಸಿದ ಟ್ರಕ್ಕಿಗೆ ಅದು ದೊಡ್ಡದೇ. ನಾಲ್ಕು ಕಡೆ ಬೆಲ್ಟ್ ಬಿಗಿದು, ನಿಧಾನಕ್ಕೆ ಘಾಟಿ ಇಳಿಸಿದ.

ಕೊನೆಗೆ ದುಡ್ಡಿನ ಮಾತು. ನನ್ನ ಪ್ಲಾನ್‌ನಲ್ಲಿ 50 ಕಿಲೋಮೀಟರ್ ಫ್ರೀ. ಮಂಗಳೂರಿನ ವರ್ಕ್‌ಶಾಪ್ ಅದಕ್ಕಿಂತ ದೂರ. ಜಾಸ್ತಿಯಾದದ್ದಕ್ಕೆ ಕೈಯಿಂದ ಕೊಟ್ಟೆ. ಕ್ಲಚ್ ರಿಪೇರಿ ಖರ್ಚೂ ನನ್ನದೇ. ಅಸಿಸ್ಟೆನ್ಸ್ ಅನ್ನುವುದು ವರ್ಕ್‌ಶಾಪ್ ಬಾಗಿಲಿಗೆ ಮುಟ್ಟಿಸೋಕೆ ಮಾತ್ರ. ಇದು ಗೊತ್ತಿಲ್ಲದೆ ಬೇಜಾರು ಮಾಡಿಕೊಂಡವರನ್ನು ಸುಮಾರು ಜನರನ್ನು ನೋಡಿದ್ದೇನೆ.

ಈ ಸಲ ರಿನ್ಯೂ ಮಾಡುವ ಮೊದಲು ಮೂರು ಕಂಪನಿಗೆ ಇಮೇಲ್ ಹಾಕಿದೆ. ಫೋನಿನಲ್ಲಿ ಕೇಳಿದರೆ ಎಲ್ಲರೂ "ಆಗುತ್ತೆ ಸಾರ್" ಅಂತಲೇ ಹೇಳುತ್ತಾರೆ, ಬರವಣಿಗೆಯಲ್ಲಿ ಬೇಕು. ಆರ್‌ಸಿ ಕಾಪಿ ಲಗತ್ತಿಸಿ, ಈ ಗಾಡಿಗೆ ಈ ಪ್ಲಾನ್ ನಡೆಯುತ್ತಾ ಅಂತ ಕೇಳಿದೆ. ಉದ್ದ, ತೂಕ ಕೊಟ್ಟು, ಅದಕ್ಕೆ ತಕ್ಕ ಫ್ಲ್ಯಾಟ್‌ಬೆಡ್ ಕಳಿಸುತ್ತೀರಾ ಅಂದೆ. ಕಿಲೋಮೀಟರ್ ಲೆಕ್ಕ ಗಾಡಿ ನಿಂತ ಜಾಗದಿಂದಲಾ, ಇಲ್ಲಾ ಕ್ರೇನ್ ಹೊರಟ ಜಾಗದಿಂದಲಾ? ಟ್ರಕ್ಕಿನ ಕ್ಯಾಬಿನ್‌ನಲ್ಲಿ ಇಬ್ಬರಿಗೆ ಜಾಗ, ಮನೆಯಲ್ಲಿ ಐದು ಜನ. ಉಳಿದವರಿಗೆ ಟ್ಯಾಕ್ಸಿ ಕೊಡುತ್ತೀರಾ? ತೋಟದ ಮಣ್ಣು ರಸ್ತೆಯಲ್ಲಿ ನಿಂತರೆ ಬರುತ್ತೀರಾ? ಕೊನೆಯದಕ್ಕೆ ಮೂವರೂ ಇಲ್ಲ ಅಂದರು, ಡಾಂಬರು ರಸ್ತೆಗೆ ತಂದರೆ ಮಾತ್ರ ಅಂತೆ. ಅದಿರಲಿ, ಪಕ್ಕದ ತೋಟದ ಟ್ರ್ಯಾಕ್ಟರ್ ಇದೆ. ಟ್ಯಾಕ್ಸಿ ಸೇರಿಸಿ 100 ಕಿಲೋಮೀಟರ್ ಕೊಟ್ಟವರದ್ದು ತಗೊಂಡೆ. ಅವರು ನಾನೂರು ರೂಪಾಯಿ ಜಾಸ್ತಿ ಕೇಳಿದರು, ಖುಷಿಯಿಂದ ಕೊಟ್ಟೆ.

ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಫೋನ್ ಮಾಡಬಹುದು. ಅವರ ಕ್ರೇನ್ ಗಾಡಿಯನ್ನು ಪಕ್ಕಕ್ಕೆ ಸರಿಸಿ ರಸ್ತೆ ಬಿಡಿಸುತ್ತೆ. ಊರಿಗೆ ಮುಟ್ಟಿಸುತ್ತಾರೆ ಅಂತ ನಂಬಿ ಕೂರಬೇಡಿ.

ಇನ್ನೊಂದು ಮಾತು, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಕಡೆ ಹಳದಿ ಬೋರ್ಡಿನ ಪಿಕಪ್‌ಗಳ ಹಿಂದೆ ಹೆಂಗಸರು, ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗೆ, ಮದುವೆಗೆ ಹೋಗುತ್ತಾರೆ. ಗೂಡ್ಸ್ ಗಾಡಿಯಲ್ಲಿ ಹಾಗೆ ಕೂತವರಿಗೆ ಇನ್ಶೂರೆನ್ಸ್ ಆಸರೆ ಇರುವುದಿಲ್ಲ. ನಿಮ್ಮ ಆರ್‌ಸಿಯಲ್ಲಿ ಗೂಡ್ಸ್ ಕ್ಯಾರಿಯರ್ ಅಂತ ಇದ್ದರೆ ದಯವಿಟ್ಟು ಮನೆಯವರನ್ನು ಹಿಂದೆ ಕೂರಿಸಬೇಡಿ.

ಈಗ ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ ಜೊತೆ ಆ ಇಮೇಲ್‌ನ ಪ್ರಿಂಟ್ ಇದೆ. ಪಾಲಿಸಿ ನಂಬರ್, ಸಹಾಯವಾಣಿ ನಂಬರ್ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಹೆಂಡತಿ ಓಡಿಸುವಾಗಲೂ ಬೇಕಲ್ಲ. ಸೀಟಿನ ಹಿಂದೆ ಕೆಂಪು ತ್ರಿಕೋನ, ಟಾರ್ಚ್, ಜಂಪರ್ ಕೇಬಲ್ ಇವೆ. ಜೊತೆಗೊಂದು ದೊಡ್ಡ ನೀಲಿ ಟಾರ್ಪಾಲ್. ಆವತ್ತು ರಸ್ತೆ ಬದಿಯಲ್ಲಿ ಅಕ್ಕಿ ಪೂರ್ತಿ ನೆನೆದುಹೋಗಿತ್ತು. ಅಮ್ಮ ಅದನ್ನು ಇನ್ನೂ ಮರೆತಿಲ್ಲ.