ಹಾಜರಿ ಪುಸ್ತಕವನ್ನು ಅಡ್ಡಸಾಲಿನಲ್ಲಿ ಓದುವುದು: ತರಗತಿ ಶಿಕ್ಷಕಿಯೊಬ್ಬಳ ಅನುಭವ

ಹಾಜರಿ ಪುಸ್ತಕದಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ದಿನದ ಕಂಬಸಾಲಿನ ಕೆಳಗೆ ಬರೆದ ಮೊತ್ತದ ಮೇಲೆ. ಇಂದು ಎಷ್ಟು ಮಕ್ಕಳು ಬಂದಿದ್ದಾರೆ ಎಂಬುದನ್ನು ಕಚೇರಿ ಕೇಳುತ್ತದೆ, ಮುಖ್ಯ ಶಿಕ್ಷಕರು ಕೇಳುತ್ತಾರೆ, ತಪಾಸಣೆಗೆ ಬಂದವರೂ ಕೇಳುತ್ತಾರೆ. ಒಂದೇ ಮಗುವಿನ ಹೆಸರಿನ ಮುಂದೆ ಅಡ್ಡಲಾಗಿ ಸಾಗುವ ಸಾಲನ್ನು ಕೇಳುವವರು ಕಡಿಮೆ. ತರಗತಿ ಶಿಕ್ಷಕಿಯಾಗಿ ನಾನು ರೂಢಿಸಿಕೊಂಡದ್ದು ಆ ಅಡ್ಡಸಾಲನ್ನು ಓದುವ ಕ್ರಮವನ್ನು.

ಇದಕ್ಕೆ ಕಾರಣ ಸರಳವಾದ ಲೆಕ್ಕದಲ್ಲಿದೆ. ನಲವತ್ತು ಮಕ್ಕಳ ತರಗತಿಯೊಂದು ವರ್ಷಕ್ಕೆ 200 ದಿನ ನಡೆದು, ಸರಾಸರಿ ಹಾಜರಿ ಶೇ. 92 ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಉಳಿದ ಶೇ. 8 ಎಂದರೆ ಒಟ್ಟು 640 ಗೈರುಗಳು. ಅವುಗಳಲ್ಲಿ 400 ಗೈರುಗಳು ಹತ್ತೇ ಮಕ್ಕಳ ಪಾಲಿಗೆ ಬಿದ್ದಿದ್ದರೆ, ಆ ಹತ್ತು ಮಕ್ಕಳು ತಲಾ 40 ದಿನ, ಅಂದರೆ ವರ್ಷದ ಐದನೆಯ ಒಂದು ಭಾಗದ ಪಾಠವನ್ನು ಕಳೆದುಕೊಂಡಿರುತ್ತಾರೆ. ಸರಾಸರಿ ಈ ಮಕ್ಕಳನ್ನು ಪೂರ್ತಿಯಾಗಿ ಮರೆಮಾಡುತ್ತದೆ. ಶೇ. 10 ಅಥವಾ ಅದಕ್ಕಿಂತ ಹೆಚ್ಚಿನ ದಿನ ತಪ್ಪಿಸಿಕೊಳ್ಳುವುದನ್ನು ದೀರ್ಘಕಾಲದ ಗೈರುಹಾಜರಿ ಎಂದು ಹಲವು ದೇಶಗಳ ಶಿಕ್ಷಣ ವ್ಯವಸ್ಥೆಗಳು ಪರಿಗಣಿಸುತ್ತವೆ. ತಿಂಗಳಿಗೆ ಎರಡೇ ದಿನ ಬಾರದ ಮಗುವೂ ಹತ್ತು ತಿಂಗಳಲ್ಲಿ ಆ ಗಡಿಯನ್ನು ಮುಟ್ಟುತ್ತದೆ ಎಂದು ಪೋಷಕರಿಗೆ ವಿವರಿಸಿದಾಗ ಅವರು ನಿಜವಾಗಿಯೂ ಅಚ್ಚರಿಪಡುತ್ತಾರೆ.

ತಿಂಗಳು ಮುಗಿಯುವವರೆಗೆ ಕಾಯದೆ, ಪ್ರತಿ ವಾರಾಂತ್ಯಕ್ಕೆ ನಾನು ಸಾಲುಗಳನ್ನು ನೋಡುತ್ತೇನೆ. ಒಟ್ಟು ಸಂಖ್ಯೆಗಿಂತ ಗೈರಿನ ಜಾಡು ಹೆಚ್ಚು ಹೇಳುತ್ತದೆ. ವಾರದ ಒಂದೇ ದಿನ ಮತ್ತೆ ಮತ್ತೆ ಬಾರದ ಮಗುವಿಗೆ ಆ ದಿನದ ವೇಳಾಪಟ್ಟಿಯಲ್ಲಿರುವ ಯಾವುದೋ ವಿಷಯದ ಭಯವಿರಬಹುದು. ಕಿರುಪರೀಕ್ಷೆಯ ಹಿಂದಿನ ದಿನಗಳಲ್ಲೇ ಜ್ವರ ಬರುವ ಮಗುವಿನ ಕಥೆ ಬೇರೆ, ರಜೆಗಳಿಗೆ ಹೊಂದಿಕೊಂಡಂತೆ ಒಂದು ದಿನ ಸೇರಿಸಿಕೊಳ್ಳುವ ಕುಟುಂಬದ ಕಥೆ ಬೇರೆ. ಬೆಳಿಗ್ಗೆ ಹಾಜರಿ ಹಾಕಿಸಿಕೊಂಡು ಮಧ್ಯಾಹ್ನ ಕಾಣೆಯಾಗುವವರನ್ನೂ, ಮೊದಲ ಅವಧಿ ಮುಗಿದ ಮೇಲೆ ಬರುವವರನ್ನೂ ಪ್ರತ್ಯೇಕ ಗುರುತಿನಿಂದ ದಾಖಲಿಸುತ್ತೇನೆ, ಏಕೆಂದರೆ ತಡವಾಗಿ ಬರುವುದು ಎಷ್ಟೋ ಸಲ ಗೈರುಹಾಜರಿಯ ಮೊದಲ ಮೆಟ್ಟಿಲಾಗಿರುತ್ತದೆ.

ಮಗು ಬಾರದ ದಿನವೇ, ಮೊದಲ ಬಿಡುವಿಗೆ ಮುನ್ನ, ಮನೆಗೆ ಕರೆ ಹೋಗಬೇಕೆಂಬುದು ನಮ್ಮ ಕ್ರಮ. ಮನೆಯಿಂದ ಹೊರಟ ಮಗು ಶಾಲೆಯನ್ನು ತಲುಪಿಲ್ಲವೆಂದರೆ ಆ ವಿಷಯ ಪೋಷಕರಿಗೆ ಸಂಜೆ ತಿಳಿಯಬಾರದು. ಸುರಕ್ಷತೆಯ ಈ ಒಂದು ಕಾರಣವೇ ಸಾಕು. ಕೇಳುವ ಮಾತಿನ ಧಾಟಿಯೂ ಮುಖ್ಯ. “ಏಕೆ ಕಳುಹಿಸಲಿಲ್ಲ?” ಎಂದು ಆರಂಭಿಸಿದರೆ ಸಿಗುವ ಉತ್ತರ ಬಹುಮಟ್ಟಿಗೆ “ಹುಷಾರಿಲ್ಲ” ಎಂಬುದೇ ಆಗಿರುತ್ತದೆ. “ಇಂದು ತರಗತಿಯಲ್ಲಿ ಕಾಣಲಿಲ್ಲ, ಹೇಗಿದ್ದಾಳೆಂದು ವಿಚಾರಿಸೋಣ ಎಂದು ಕರೆ ಮಾಡಿದೆ” ಎಂದರೆ ಮಾತು ಮುಂದುವರಿಯುತ್ತದೆ. ತಮ್ಮನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ, ಸಮವಸ್ತ್ರ ಒಣಗಿರಲಿಲ್ಲ, ಮುಟ್ಟಿನ ದಿನಗಳಲ್ಲಿ ಶಾಲೆಯ ಶೌಚಾಲಯ ಬಳಸಲು ಹಿಂಜರಿಯುತ್ತಾಳೆ ಎಂಬಂಥ ಸಂಗತಿಗಳು ಆಗ ಹೊರಬರುತ್ತವೆ. ಇವುಗಳಲ್ಲಿ ಕೊನೆಯದನ್ನು ಸರಿಪಡಿಸಬೇಕಾದದ್ದು ಶಾಲೆಯೇ ಹೊರತು ಮನೆಯಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಶಾಲೆಯೆಂದರೆ ಕಳವಳಗೊಳ್ಳುವ ಮಕ್ಕಳ ವಿಷಯದಲ್ಲಿ. ಕದ್ದು ತಪ್ಪಿಸಿಕೊಳ್ಳುವ ಮಗು ತಾನು ಎಲ್ಲಿದ್ದೇನೆಂಬುದನ್ನು ಮನೆಯವರಿಂದ ಮುಚ್ಚಿಡುತ್ತದೆ. ಕಳವಳದಿಂದ ಬಾರದ ಮಗು ಸಾಮಾನ್ಯವಾಗಿ ಮನೆಯವರ ಕಣ್ಣೆದುರಿಗೇ ಇರುತ್ತದೆ. ಬೆಳಿಗ್ಗೆ ಹೊಟ್ಟೆನೋವು, ವಾಕರಿಕೆ, ತಲೆನೋವು ಕಾಣಿಸಿಕೊಂಡು, ಮನೆಯಲ್ಲಿರಲು ಅನುಮತಿ ಸಿಕ್ಕ ಮೇಲೆ ಇಳಿಯುತ್ತದೆ, ರಜೆಯ ದಿನಗಳಲ್ಲಿ ಅಷ್ಟಾಗಿ ಸುಳಿಯುವುದಿಲ್ಲ. ಆ ನೋವು ನಟನೆಯಲ್ಲ ಎಂದು ಪೋಷಕರಿಗೂ ಸಹಶಿಕ್ಷಕರಿಗೂ ನಾನು ಒತ್ತಿ ಹೇಳುತ್ತೇನೆ. ಮೊದಲು ವೈದ್ಯರಿಗೆ ತೋರಿಸಿ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಹೇಳಿ, ಅನಂತರ ಯಾರಾದರೂ ಕಾಡುತ್ತಿದ್ದಾರೆಯೇ, ಯಾವ ಅವಧಿ ಕಷ್ಟ, ಊಟದ ಬಿಡುವಿನಲ್ಲಿ ಒಂಟಿಯಾಗಿರುತ್ತದೆಯೇ ಎಂದು ಹುಡುಕುತ್ತೇವೆ. ಮನೆಯಲ್ಲಿ ಉಳಿದ ಪ್ರತಿ ದಿನವೂ ತಕ್ಷಣದ ನೆಮ್ಮದಿಯನ್ನು ಕೊಟ್ಟು ಮರುದಿನದ ಭಯವನ್ನು ಬೆಳೆಸುವುದರಿಂದ, ಪೂರ್ತಿ ಗುಣವಾಗಲಿ ಎಂದು ಕಾಯುವುದಕ್ಕಿಂತ, ದಿನಕ್ಕೆ ಎರಡು ಅವಧಿಯಾದರೂ ಬರಲಿ ಎಂಬ ಒಪ್ಪಂದದಿಂದ ಆರಂಭಿಸುವುದು ನನ್ನ ಅನುಭವದಲ್ಲಿ ಫಲ ಕೊಟ್ಟಿದೆ. ಗೇಟಿನ ಬಳಿ ಮಗುವಿಗೆ ಪರಿಚಿತರಾದ ಒಬ್ಬ ಶಿಕ್ಷಕರು ಇರುವಂತೆ ಆ ವಾರಗಳಲ್ಲಿ ನೋಡಿಕೊಳ್ಳುತ್ತೇವೆ.

ಮಗು ಮರಳಿ ಬಂದ ದಿನ ಎಲ್ಲರೆದುರು ನಿಲ್ಲಿಸಿ ಕಾರಣ ಕೇಳುವುದಿಲ್ಲ; ರಜಾ ಚೀಟಿಯನ್ನು ಹಾಜರಿ ಮುಗಿದ ಮೇಲೆ ಮೇಜಿನ ಬಳಿ ತೆಗೆದುಕೊಳ್ಳುತ್ತೇನೆ. ತಪ್ಪಿದ ಟಿಪ್ಪಣಿಗಳನ್ನೆಲ್ಲ ನಕಲು ಮಾಡಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಆ ಹೊರೆಯೇ ಮರುದಿನದ ಗೈರಿಗೆ ಕಾರಣವಾಗಬಲ್ಲದು. ಗಣಿತದಂಥ ವಿಷಯದಲ್ಲಿ ಮುಂದಿನ ಪಾಠಕ್ಕೆ ಅನಿವಾರ್ಯವಾದ ಹಂತವನ್ನು ಮಾತ್ರ ಅಂದೇ ಕಲಿಸಿ, ಉಳಿದದ್ದನ್ನು ಹಂಚಿ ಕೊಡುತ್ತೇನೆ.

ಪೂರ್ಣ ಹಾಜರಿಗೆ ಬಹುಮಾನ ಕೊಡುವ ಪದ್ಧತಿ ನನ್ನ ತರಗತಿಯಲ್ಲಿಲ್ಲ. ಅದು ಜ್ವರವಿರುವ ಮಗುವನ್ನು ಶಾಲೆಗೆ ಎಳೆದು ತರುತ್ತದೆ, ಮೊದಲ ತಿಂಗಳಲ್ಲೇ ಒಂದು ದಿನ ತಪ್ಪಿದವರಿಗೆ ವರ್ಷವಿಡೀ ಏನನ್ನೂ ಉಳಿಸುವುದಿಲ್ಲ. ಗೈರಾದದ್ದಕ್ಕೆ ತರಗತಿಯಿಂದ ಹೊರಗೆ ನಿಲ್ಲಿಸುವ ಶಿಕ್ಷೆಯನ್ನಂತೂ ನಾನು ಅರ್ಥಮಾಡಿಕೊಳ್ಳಲಾರೆ.

ದುಡಿಮೆಗೆ ಹೋಗುವ ಅಥವಾ ಮನೆಯ ರೋಗಿಯನ್ನು ನೋಡಿಕೊಳ್ಳುವ ಮಗುವಿನ ವಿಷಯ ತರಗತಿ ಶಿಕ್ಷಕರೊಬ್ಬರಿಂದ ಬಗೆಹರಿಯುವುದಿಲ್ಲ. ಅದನ್ನು ತಡಮಾಡದೆ ಮುಖ್ಯ ಶಿಕ್ಷಕರ ಮುಂದಿಟ್ಟು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಲುಪಿಸುತ್ತೇನೆ. ವರ್ಷದ ಕೊನೆಯಲ್ಲಿ ಮುಂದಿನ ತರಗತಿಯ ಶಿಕ್ಷಕರಿಗೆ ಅಂಥ ಮಕ್ಕಳ ಹೆಸರು, ಗೈರಿನ ಜಾಡು, ಕೆಲಸಕ್ಕೆ ಬಂದ ಉಪಾಯ, ಮನೆಯಲ್ಲಿ ಯಾರೊಡನೆ ಮಾತನಾಡಿದರೆ ಒಳಿತು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡುತ್ತೇನೆ. ಕಾಯಿಲೆ ಮತ್ತು ಮನೆಯ ಒಳವಿಷಯಗಳನ್ನು ಮಾತ್ರ ಬರೆಯದೆ, ಅಗತ್ಯವಿದ್ದಷ್ಟನ್ನು ಬಾಯಿಮಾತಿನಲ್ಲಿ ತಿಳಿಸುತ್ತೇನೆ.