ಕಿಟಕಿ ಯಾವಾಗ ತೆಗೆಯಬೇಕು? ನನ್ನ ತರಗತಿಯ ಅನುಭವ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಭಟ್ಟಿ ಹೊತ್ತಿಸಿದರೆ ಹೊಗೆ ನೇರ ಕೋಣೆಗೇ ನುಗ್ಗುತ್ತದೆ ಅಂತ ರಸ್ತೆ ಕಡೆಯ ಕಿಟಕಿಗಳನ್ನು ವರ್ಷಗಟ್ಟಲೆ ತೆಗೆದೇ ಇರಲಿಲ್ಲ. ಒಳಗೆ 46 ಮಕ್ಕಳು. ಮೂರನೇ ಪಿರಿಯಡ್‌ ಹೊತ್ತಿಗೆ ಆಕಳಿಕೆ, ತಲೆನೋವು. ತಿಂಡಿ ತಿಂದು ಬಂದಿಲ್ಲ ಅಂದುಕೊಳ್ಳುತ್ತಿದ್ದೆ.

ನನ್ನ ಕಣ್ಣು ತೆರೆಸಿದವಳು ಉಬ್ಬಸವಿದ್ದ ಒಬ್ಬ ಹುಡುಗಿ. ಡಸ್ಟರ್‌ ಕೊಡವುವುದೆಂದರೆ ಅವಳಿಗೆ ಬಲು ಇಷ್ಟ, ನಾನೂ ಕೊಡುತ್ತಿದ್ದೆ. ಒಂದು ದಿನ ಬಾಗಿಲಲ್ಲೇ ನಿಂತು ಎರಡು ಡಸ್ಟರ್‌ ಒಂದಕ್ಕೊಂದು ಬಡಿದಳು. ಬಿಸಿಲುಕೋಲಿನಲ್ಲಿ ಬಿಳಿ ಪುಡಿ ತೇಲಾಡಿತು. ಸ್ವಲ್ಪ ಹೊತ್ತಿಗೇ ಅವಳ ಎದೆಯಲ್ಲಿ ಸುಯ್‌ ಸುಯ್‌ ಸದ್ದು, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ತಾಯಿ ಇನ್‌ಹೇಲರ್‌ ಹಿಡಿದು ಓಡಿ ಬಂದರು. "ಮನೇಲಿ ಇವಳ ಕೈಗೆ ಕಸಬರಿಗೇನೂ ಕೊಡಲ್ಲ ಮೇಡಂ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋಣೆಯ ಗಾಳಿ ಹೇಗಿದೆ ನೋಡೋಣ ಅಂತ ಪರಿಚಯದವರೊಬ್ಬರಿಂದ, ನಾವು ಬಿಡುವ ಉಸಿರಿನಲ್ಲಿರುವ ಕಾರ್ಬನ್‌ ಡೈಆಕ್ಸೈಡ್‌ ಅಳೆಯುವ ಮೀಟರ್‌ ಎರವಲು ತಂದೆ. ಬಯಲಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುತ್ತದೆ, ಕೋಣೆಯಲ್ಲಿ 1,000 ದಾಟದಿದ್ದರೆ ಒಳ್ಳೆಯದು. ನಮ್ಮ ಕೋಣೆಯಲ್ಲಿ 2,600 ತೋರಿಸಿತು! ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಒಬ್ಬರಿಗೆ ನೆಗಡಿಯಾದರೆ ವಾರದೊಳಗೆ ಇಡೀ ಬೆಂಚಿಗೇ ಹರಡುತ್ತಿದ್ದುದು ಯಾಕೆ ಅಂತ ಆಗ ಹೊಳೆಯಿತು. ಎದುರುಬದುರು ಕಿಟಕಿ ತೆಗೆದ ಹತ್ತೇ ನಿಮಿಷಕ್ಕೆ 900ಕ್ಕೆ ಇಳಿಯಿತು.

ಆದರೆ ಹೊಗೆ? ಭಟ್ಟಿಯಲ್ಲಿ ದುಡಿಯುವ ತಂದೆಯೊಬ್ಬರು ಬೆಂಕಿ ಹಾಕುವ ಹೊತ್ತು ಬರೆದುಕೊಟ್ಟರು. ಆ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ ವರಾಂಡದ ಕಡೆಯವು ಮಾತ್ರ ತೆಗೆದಿಡುತ್ತೇವೆ. ಉಳಿದ ಹೊತ್ತು ಎಲ್ಲವೂ ತೆರೆದಿರುತ್ತವೆ. ಚಳಿಗಾಲದ ಬೆಳಿಗ್ಗೆ ಹೊಗೆ ನೆಲಕ್ಕೇ ಅಂಟಿಕೊಂಡಿರುತ್ತದೆ, ಬಿಸಿಲೇರುವವರೆಗೆ ಕಾಯುತ್ತೇವೆ. ಪಿರಿಯಡ್‌ ಮುಗಿದಾಗಲೆಲ್ಲ ಐದು ನಿಮಿಷ ಮಕ್ಕಳೆಲ್ಲ ಹೊರಗೆ. ಮೊದಲು ಪ್ರಾರ್ಥನೆಗೆ ಮುಂಚೆ ಮಕ್ಕಳೇ ನೀರು ಚಿಮುಕಿಸದೆ ಕಸ ಗುಡಿಸುತ್ತಿದ್ದರು. ಈಗ ಶಾಲೆ ಬಿಟ್ಟ ಮೇಲೆ ನೀರು ಚಿಮುಕಿಸಿ ದೊಡ್ಡವರೇ ಗುಡಿಸುತ್ತೇವೆ. ಬೋರ್ಡಿಗೆ ಒದ್ದೆ ಬಟ್ಟೆ. ಖರ್ಚು ಅಂತ ಆಗಿದ್ದು ಎರಡು ಬಕೆಟ್‌ ಮಾತ್ರ.

ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ರಾಜ್ಯದಿಂದ ಅದರ ಪಟ್ಟಿಗೆ ಸೇರಿದ ನಗರಗಳಲ್ಲಿ ದಾವಣಗೆರೆಯೂ ಒಂದು. ರಸ್ತೆಯ ಧೂಳು, ವಾಹನದ ಹೊಗೆ ಎಲ್ಲರ ಬಾಯಲ್ಲೂ ಇದೆ. ಮಕ್ಕಳು ದಿನಕ್ಕೆ ಆರು ಗಂಟೆ ಕೂರುವ ಕೋಣೆಯ ಗಾಳಿಯನ್ನೂ ಯಾರಾದರೂ ಅಳೆಯಲಿ ಅಂತ ನನ್ನ ಆಸೆ.

ಹುಡುಗಿಯ ಉಬ್ಬಸ ಹೋಗಿಲ್ಲ, ಕಿಟಕಿ ತೆಗೆದ ಮಾತ್ರಕ್ಕೆ ಹೋಗುವಂಥದ್ದೂ ಅಲ್ಲ. ಇನ್‌ಹೇಲರ್‌ ಈಗ ನನ್ನ ಮೇಜಿನ ಡ್ರಾದಲ್ಲಿರುತ್ತದೆ, ಬಳಸುವುದನ್ನು ಅವಳ ತಾಯಿಯಿಂದ ಕಲಿತಿದ್ದೇನೆ. ಈ ಚಳಿಗಾಲದಲ್ಲಿ ಅದು ಬೇಕಾಗಿದ್ದು ಒಂದೇ ಸಲ. ಒಂದು ಕಿಟಕಿಯ ಚಿಲಕ ತುಕ್ಕು ಹಿಡಿದು ಇನ್ನೂ ಜಗ್ಗಿಲ್ಲ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಕೇಳಬೇಕು.