ನನ್ನ ಗೂಢಚಾರಿಣಿಗೆ ನಿನ್ನೆ ಏನಾಯ್ತು ಅಂತ ನೆನಪೇ ಇರಲಿಲ್ಲ

ಮೂರನೇ ಕಂತಿನಲ್ಲಿ ವಸುಧಾಳ ಜೊತೆಗಾರ ಸಾಯುತ್ತಾನೆ. ನಾಲ್ಕನೇ ಕಂತಿನ ಮೊದಲ ಪುಟದಲ್ಲಿ ಅವಳು ಹೆಲಿಕಾಪ್ಟರ್‌ನಲ್ಲಿ ಕೂತು ಜೋಕ್ ಹೊಡೆಯುತ್ತಾಳೆ. ಬರೆದವಳು ನಾನೇ. ಬರೆಯುವಾಗ ಏನೂ ತಪ್ಪು ಕಾಣಲಿಲ್ಲ. ಮೊದಲು ಓದಿದ ಗೆಳತಿ ಸ್ಕ್ರಿಪ್ಟ್ ಕೆಳಗಿಟ್ಟು, "ಅಲ್ಲ ಕಣೇ, ಇವಳಿಗೆ ನಿನ್ನೆ ಏನಾಯ್ತು ಅಂತ ನೆನಪೇ ಇಲ್ವಾ?" ಅಂದಳು.

ವಸುಧಾ ನಾನು ಬರೆಯುತ್ತಿರುವ ಸರಣಿಯ ನಾಯಕಿ. ಗುಪ್ತಚರ ದಳದ ಏಜೆಂಟ್. ಗೋಡೆಯಾಚೆಯ ಪಿಸುಮಾತೂ ಕೇಳಿಸುವಂಥ ಕಿವಿ ಅವಳದು. ಆ ಶಕ್ತಿ ಹೇಗೆ ಬಂತು, ಎಷ್ಟು ದೂರದ ಸದ್ದು ಕೇಳುತ್ತದೆ, ಯಾವ ಗೋಡೆ ಅಡ್ಡ ಬಂದರೆ ಕೇಳುವುದಿಲ್ಲ ಅಂತ ಹನ್ನೊಂದು ಪುಟ ಬರೆದಿಟ್ಟಿದ್ದೆ. ಅವಳು ಎಂಥ ಮನುಷ್ಯಳು ಅನ್ನುವುದಕ್ಕೆ ಅರ್ಧ ಪುಟ. ಅದರಲ್ಲೂ 'ಧೈರ್ಯವಂತೆ, ಹಟಮಾರಿ' ಅಂತ ಎರಡೇ ಪದ. ಮಿಕ್ಕಿದ್ದೆಲ್ಲ ಅವಳ ಬಟ್ಟೆಯ ವರ್ಣನೆ.

ಆಗ ಮತ್ತೆ ತೆಗೆದು ನೋಡಿದ್ದು 'ಏಜೆಂಟ್ಸ್ ಆಫ್ ಶೀಲ್ಡ್'. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2013ರಿಂದ 2020ರವರೆಗೆ ಬಂದದ್ದು, ಏಳು ಸೀಸನ್, 136 ಕಂತು. ಸೂಪರ್‌ಹೀರೋ ಲೋಕದಲ್ಲಿ ಗೂಢಚಾರರ ಕಥೆ, ಥೇಟ್ ನನಗೆ ಬೇಕಾದ ಜಾತಿಯದ್ದು. ಮೊದಲ ಸಲ ಮಜಾಕ್ಕೆ ನೋಡಿದ್ದೆ. ಈ ಸಲ ನೋಟ್‌ಬುಕ್ ಹಿಡಿದು ಕೂತೆ. (ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ. ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ.)

ನಾನು ಮಾಡಿದ್ದು ಇಷ್ಟೇ. ಒಂದು ಸಲಕ್ಕೆ ಒಂದೇ ಪಾತ್ರ. ಆ ಪಾತ್ರ ಇಲ್ಲದ ದೃಶ್ಯ ಬಂದರೆ ಓಡಿಸುವುದು. ಮೊದಲು ಆರಿಸಿಕೊಂಡದ್ದು ಫಿಟ್ಜ್‌ನನ್ನು. ಅವನು ತಂಡದ ಎಂಜಿನಿಯರ್, ಬಂದೂಕು ಹಿಡಿಯುವವನಲ್ಲ, ಶಕ್ತಿ ಗಿಕ್ತಿ ಏನೂ ಇಲ್ಲ.

ಮೊದಲ ಸೀಸನ್ನಿನ ಕೊನೆಯಲ್ಲಿ ಅವನೂ ತಂಡದ ವಿಜ್ಞಾನಿ ಸಿಮನ್ಸ್‌ಳೂ ಸಮುದ್ರದ ತಳದಲ್ಲಿ ಒಂದು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿರುತ್ತಾರೆ. ಉಳಿದಿರುವ ಆಮ್ಲಜನಕ ಒಂದು ಉಸಿರಿಗೆ ಸಾಕು. ಅವನು ಅದನ್ನು ಅವಳಿಗೆ ಕೊಡುತ್ತಾನೆ. ನಾನಾಗಿದ್ದರೆ ಎರಡನೇ ಸೀಸನ್ನಿನ ಹೊತ್ತಿಗೆ ಅವನನ್ನು ಆಸ್ಪತ್ರೆಯಿಂದ ಎಬ್ಬಿಸಿ, ಒಂದು ಅಪ್ಪುಗೆ ಕೊಡಿಸಿ, ಕೆಲಸಕ್ಕೆ ಹಚ್ಚುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಉಸಿರು ಸಿಗದೆ ಅವನ ಮಿದುಳಿಗೆ ಪೆಟ್ಟಾಗಿದೆ. ತಲೆಯಲ್ಲಿ ಉತ್ತರ ಇದೆ, ನಾಲಿಗೆಗೆ ಪದ ಬರುವುದಿಲ್ಲ. ಪಕ್ಕದಲ್ಲಿ ಸಿಮನ್ಸ್ ನಿಂತು ಸಮಾಧಾನ ಮಾಡುತ್ತಿರುತ್ತಾಳೆ, ಬಿಟ್ಟುಹೋದ ಪದ ಹುಡುಕಿಕೊಡುತ್ತಾಳೆ. ಎರಡನೇ ಸೀಸನ್ನಿನ ಮೊದಲ ಕಂತಿನ ಕೊನೆಗೆ ಗೊತ್ತಾಗುತ್ತದೆ, ಅವಳು ಅಲ್ಲಿ ಇಲ್ಲವೇ ಇಲ್ಲ. ಯಾವಾಗಲೋ ತಂಡ ಬಿಟ್ಟು ಹೋಗಿದ್ದಾಳೆ. ಅಷ್ಟು ಹೊತ್ತೂ ಅವನು ಗಾಳಿಯ ಜೊತೆ ಮಾತಾಡುತ್ತಿದ್ದ.

ಆ ಕಂತನ್ನು ನಾಲ್ಕು ಸಲ ನೋಡಿದೆ. ಎರಡನೇ ಸಲ ನೋಡುವಾಗ ಗಮನಿಸಿದ್ದು, ಬೇರೆ ಯಾರೂ ಅವಳಿಗೆ ಉತ್ತರ ಕೊಡುವುದಿಲ್ಲ. ಮೋಸ ಏನೂ ಇಲ್ಲ, ಎಲ್ಲ ಕಣ್ಣೆದುರೇ ಇತ್ತು. ನಮಗೆ ಅವಳು ಬೇಕಿತ್ತು, ಅದಕ್ಕೇ ನೋಡಲಿಲ್ಲ, ಅಲ್ವಾ?

ಆ ಪೆಟ್ಟು ಅವನನ್ನು ಪೂರ್ತಿ ಬಿಟ್ಟು ಹೋಗುವುದೇ ಇಲ್ಲ. ನಾಲ್ಕನೇ ಸೀಸನ್ನಿನಲ್ಲಿ ಕಂಪ್ಯೂಟರ್ ಕಟ್ಟಿದ ಇನ್ನೊಂದು ಲೋಕದಲ್ಲಿ ಇದೇ ಮೆತ್ತನೆ ಹುಡುಗ 'ಡಾಕ್ಟರ್' ಅನ್ನುವ ಕ್ರೂರಿಯಾಗಿರುತ್ತಾನೆ. ಅಲ್ಲಿ ಅವನನ್ನು ಬೆಳೆಸಿದ್ದು ಅಪ್ಪ, ಅಷ್ಟೇ ವ್ಯತ್ಯಾಸ. ಹೊರಗೆ ಬಂದಮೇಲೆ 'ಅದು ನಾನಲ್ಲ, ಕಂಪ್ಯೂಟರ್ ಮಾಡಿದ್ದು' ಅಂದುಬಿಡಬಹುದಿತ್ತು. ಆದರೆ ಐದನೇ ಸೀಸನ್ನಿನಲ್ಲಿ ಆ ಡಾಕ್ಟರ್ ಅವನ ಕಣ್ಣೆದುರು ಬಂದು ನಿಲ್ಲುತ್ತಾನೆ. ತಂಡದವಳೇ ಆದ ಡೇಸಿಯನ್ನು ಕಟ್ಟಿಹಾಕಿ, ಅವಳು ಬೇಡ ಬೇಡ ಅಂದರೂ ಆಪರೇಷನ್ ಮಾಡುತ್ತಾನೆ. ಕೊನೆಗೆ ನೋಡಿದರೆ ಡಾಕ್ಟರ್ ಯಾರೂ ಇಲ್ಲ, ಎಲ್ಲ ಇವನದೇ ತಲೆ, ಇವನದೇ ಕೈ. ಎರಡನೇ ಸೀಸನ್ನಿನಲ್ಲಿ ಇಲ್ಲದ ಸಿಮನ್ಸ್‌ಳನ್ನು ಕಂಡವನು ಐದನೇದರಲ್ಲಿ ಇಲ್ಲದ ಡಾಕ್ಟರ್‌ನನ್ನು ಕಾಣುತ್ತಾನೆ. ಇದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ.

ಡೇಸಿ ವಿಷಯದಲ್ಲಿ ನನಗೆ ಹಿಡಿಸಿದ್ದು ಅವಳ ಶಕ್ತಿ ಅಲ್ಲ, ಹೆಸರು. ಅನಾಥಾಲಯದಲ್ಲಿ ಇಟ್ಟದ್ದು ಒಂದು, ತಾನೇ ಇಟ್ಟುಕೊಂಡದ್ದು 'ಸ್ಕೈ', ಅಪ್ಪ ಅಮ್ಮ ಇಟ್ಟಿದ್ದು ಡೇಸಿ ಅಂತ ಆಮೇಲೆ ಗೊತ್ತಾಗುತ್ತದೆ. ಮೂರನೇ ಸೀಸನ್ನಿನ ಶುರುವಿನಲ್ಲಿ ತಂಡದ ಮುಖ್ಯಸ್ಥ ಕೋಲ್ಸನ್ ಬಾಯಿ ತಪ್ಪಿ ಸ್ಕೈ ಅಂದುಬಿಡುತ್ತಾನೆ. ಅಪ್ಪನ ಹಾಗಿರುವ ಮನುಷ್ಯನಿಗೆ ಹೊಸ ಹೆಸರು ನಾಲಿಗೆಗೆ ಹತ್ತಿಲ್ಲ. ಇನ್ನು ಶಕ್ತಿಯ ಮಾತಿಗೆ ಬಂದರೆ, ಅವಳು ನೆಲ ನಡುಗಿಸಬಲ್ಲಳು. ಅದನ್ನು ಒಳಗೇ ಅದುಮಿಟ್ಟುಕೊಂಡಾಗ ಅವಳದೇ ಮೂಳೆಗಳಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ನನ್ನ ಹನ್ನೊಂದು ಪುಟದಲ್ಲಿ ಇಂಥದ್ದು ಒಂದು ಸಾಲೂ ಇರಲಿಲ್ಲ. ವಸುಧಾಳ ಕಿವಿ ಸುಮ್ನೆ ಕೇಳುತ್ತಿತ್ತು, ಅವಳಿಗೆ ಏನೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ನೋಡಿಯೂ ನಾನು ಮೊದಲು ಮಾಡಿದ್ದು ತಪ್ಪೇ. ಓಹೋ, ಎಲ್ಲರಿಗೂ ಒಂದೊಂದು ನೋವಿನ ಹಿಂದಿನ ಕಥೆ ಬೇಕು ಅಂದುಕೊಂಡು ನನ್ನ ಕಥೆಯ ತಂಡದ ಐದೂ ಜನಕ್ಕೆ ಹಂಚಿಬಿಟ್ಟೆ. ಒಬ್ಬನಿಗೆ ಕುಡುಕ ಅಪ್ಪ, ಒಬ್ಬಳಿಗೆ ಕಳೆದುಹೋದ ತಂಗಿ, ಇನ್ನೊಬ್ಬನಿಗೆ ಸುಟ್ಟುಹೋದ ಮನೆ. ಪ್ರತಿ ಕಂತಿನ ನಡುವೆ ಯಾರಾದರೊಬ್ಬರು ಕಿಟಕಿ ಪಕ್ಕ ನಿಂತು ಅದನ್ನು ಹೇಳಿಕೊಳ್ಳುವುದು. ಓದಿದರೆ ಸಾವಿನ ಮನೆಗೆ ಹೋದ ಹಾಗಿತ್ತು. ಗೆಳತಿ ಈ ಸಲ ಏನೂ ಹೇಳಲಿಲ್ಲ. ಪುಟ ತಿರುಗಿಸುತ್ತಾ ಆಕಳಿಸಿದಳು.

ಅದನ್ನು ಸರಿಮಾಡಿಕೊಳ್ಳಲು ಶೀಲ್ಡ್ ತಂಡದ 'ಮೇ' ಅನ್ನುವವಳ ಪಾತ್ರವನ್ನು ನೋಡಿದೆ. ಮೊದಲ ಕಂತಿನಲ್ಲಿ ಅವಳು ಆಫೀಸಿನ ಮೇಜಿನ ಹಿಂದೆ ಕಾಗದಪತ್ರದ ಕೆಲಸ ಮಾಡಿಕೊಂಡಿರುತ್ತಾಳೆ. ಮತ್ತೆ ಕಾದಾಟಕ್ಕೆ ಬರಲು ಮನಸ್ಸಿಲ್ಲ. 'ಕ್ಯಾವಲ್ರಿ' (ಕುದುರೆ ದಂಡು) ಅಂತ ಕರೆದರೆ ಮುಖ ಗಂಟಿಕ್ಕುತ್ತಾಳೆ. ಆ ಹೆಸರು ಯಾಕೆ ಬಂತು ಅಂತ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಥೆ, ಎಲ್ಲದರಲ್ಲೂ ಅವಳು ಮಹಾ ಶೂರೆ. ನಿಜ ತೆರೆಯ ಮೇಲೆ ಬರುವುದು ಎರಡನೇ ಸೀಸನ್ನಿನ 17ನೇ ಕಂತಿನಲ್ಲಿ. ಬಹ್ರೇನ್‌ನಲ್ಲಿ ಅವಳು ಒಂದು ಪುಟ್ಟ ಹುಡುಗಿಯನ್ನು ಕೊಲ್ಲಬೇಕಾಗಿ ಬಂದಿತ್ತು. ಅದಕ್ಕಿಂತ ನನ್ನನ್ನು ಜಾಸ್ತಿ ಕಲಕಿದ್ದು ಅದಕ್ಕೂ ಮುಂಚಿನ ಮೇ. ಗಂಡನ ಜೊತೆ ನಗುತ್ತಾಳೆ, ತಮಾಷೆ ಮಾಡುತ್ತಾಳೆ. ಒಂದೂವರೆ ಸೀಸನ್ ನಾವು 'ಇವಳು ಹುಟ್ಟಿದ್ದೇ ಹೀಗೆ' ಅಂದುಕೊಂಡಿದ್ದೆವಲ್ಲ, ಅದು ಅವಳ ಸ್ವಭಾವ ಅಲ್ಲ, ಗಾಯ. ಅವಳು ಅದನ್ನು ಕಿಟಕಿ ಪಕ್ಕ ನಿಂತು ಯಾರಿಗೂ ವರದಿ ಒಪ್ಪಿಸಿರಲಿಲ್ಲ.

ಗೂಢಚಾರರ ಕಥೆಯಲ್ಲಿ ಇದೊಂದು ತೊಂದರೆ. ಸುಳ್ಳು ಹೇಳುವುದೇ ಅವರ ಕಸುಬು. ಅವರ ಬಾಯಿಂದಲೇ ಮನಸ್ಸು ಬಿಚ್ಚಿಸಲು ಹೋದರೆ ಕಸುಬಿಗೇ ದ್ರೋಹ.

ಹಾಗಾಗಿ ಹಿಂದಿನ ಕಥೆಗಳನ್ನೆಲ್ಲ ಕಿತ್ತು, ಒಂದು ಉದ್ರಿ ಲೆಕ್ಕದ ಪುಸ್ತಕ ಇಟ್ಟೆ. ಪಾತ್ರಕ್ಕೊಂದು ಪುಟ. ಪ್ರತಿ ಕಂತು ಮುಗಿದ ಮೇಲೆ ಒಂದೇ ಸಾಲು: ನಿನ್ನೆವರೆಗೆ ಮಾಡುತ್ತಿದ್ದ ಯಾವ ಕೆಲಸ ಇವತ್ತಿನಿಂದ ಇವಳ ಕೈಲಿ ಆಗುವುದಿಲ್ಲ? ಏನೂ ಹೊಳೆಯದಿದ್ದರೆ ಆ ಕಂತಿನಲ್ಲಿ ಆ ಪಾತ್ರ ಸುಮ್ನೆ ಓಡಾಡಿದೆ ಅಂತ ಲೆಕ್ಕ.

ವಸುಧಾಳ ಪುಟದಲ್ಲಿ ಮೂರನೇ ಕಂತಿನ ಎದುರು ಹೀಗೆ ಬರೆದೆ: 'ನಿಶ್ಶಬ್ದದಲ್ಲಿ ಇರಲಾರಳು.' ಯಾಕೆಂದರೆ ಜೊತೆಗಾರ ಸತ್ತದ್ದು ಗೋಡೆಯ ಆಚೆ. ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ಅವಳಿಗೆ ಅವನ ಉಸಿರು ನಿಲ್ಲುವವರೆಗೆ ಕೇಳಿಸಿತು. ನಾಲ್ಕನೇ ಕಂತಿನ ಹೆಲಿಕಾಪ್ಟರ್ ದೃಶ್ಯ ಹಾಗೇ ಉಳಿಸಿಕೊಂಡೆ, ಜೋಕ್ ಕೂಡ ಉಳಿಸಿಕೊಂಡೆ. ಬದಲಾಗಿದ್ದು ಆಮೇಲಿನದು. ಹೆಲಿಕಾಪ್ಟರ್ ಇಳಿಯುತ್ತದೆ, ಎಲ್ಲರೂ ಇಳಿಯುತ್ತಾರೆ, ರೆಕ್ಕೆ ಇನ್ನೂ ತಿರುಗುತ್ತಿರುತ್ತದೆ. ವಸುಧಾ ಪೈಲಟ್‌ಗೆ ಹೇಳುತ್ತಾಳೆ: "ಇನ್ನೊಂದೆರಡು ನಿಮಿಷ ಎಂಜಿನ್ ಆಫ್ ಮಾಡಬೇಡಿ." ಪೈಲಟ್ ಯಾಕೆ ಅಂತ ಕೇಳುವುದಿಲ್ಲ. ಕೇಳಿದ್ದರೆ ಅವಳು ಸುಳ್ಳೇ ಹೇಳುತ್ತಿದ್ದಳು.

ದ್ರೋಹಿಯ ಪಾತ್ರ ಇನ್ನೂ ಕಷ್ಟ ಕೊಟ್ಟಿತು. ನನ್ನ ದ್ರೋಹಿ ಎರಡನೇ ಕಂತಿನಲ್ಲೇ ಓರೆಗಣ್ಣಲ್ಲಿ ನೋಡುತ್ತಿದ್ದ, ಫೋನ್ ಬಂದರೆ ಹೊರಗೆ ಹೋಗುತ್ತಿದ್ದ. ಮಕ್ಕಳೂ ಹಿಡಿದುಬಿಡುತ್ತಿದ್ದರು. ಶೀಲ್ಡ್ ತಂಡದಲ್ಲೇ ಇರುವ ಏಜೆಂಟ್ ವಾರ್ಡ್‌ನನ್ನು ನೋಡಿ. ಅವನು ಶತ್ರುಗಳ ಕಡೆಯವನು ಅಂತ ತಿಳಿಯುವುದು ಮೊದಲ ಸೀಸನ್ನಿನ 17ನೇ ಕಂತಿನಲ್ಲಿ, 2014ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಆ ಸೀಸನ್ ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ತಿರುಗಿ ನೋಡಿದರೆ ಅವನು ಸುಳಿವು ಬಿಟ್ಟಿರುವುದಕ್ಕಿಂತ ನಿಜವಾಗಿಯೇ ಅವರ ಜೊತೆ ಬೆರೆತಿರುವುದು ಕಾಣುತ್ತದೆ. ಅವನಿಗೆ ಬೇಕಾಗಿದ್ದು ತನಗೆ ಅಪ್ಪಣೆ ಕೊಡುವ ಒಬ್ಬ ಯಜಮಾನ. ಆ ಯಜಮಾನ ಗ್ಯಾರೆಟ್ ಸತ್ತ ಮೇಲೂ ಆ ಹಸಿವು ಹೋಗುವುದಿಲ್ಲ. ನನ್ನ ದ್ರೋಹಿಯ ಓರೆಗಣ್ಣು, ಫೋನ್ ಎರಡನ್ನೂ ತೆಗೆದೆ. ಅದರ ಬದಲು ತಂಡದಲ್ಲಿ ಯಾರ ಹುಟ್ಟುಹಬ್ಬ ಯಾವತ್ತು ಅಂತ ನೆನಪಿಟ್ಟುಕೊಳ್ಳುವವನು ಅವನೊಬ್ಬನೇ ಅಂತ ಮಾಡಿದೆ. ಅದು ನಾಟಕವಾ, ನಿಜವಾ? ಬರೆಯುವ ನನಗೂ ಆರನೇ ಕಂತಿನವರೆಗೆ ತೀರ್ಮಾನ ಆಗಿರಲಿಲ್ಲ.

ಈಗ ಒಂಬತ್ತನೇ ಕಂತಿನಲ್ಲಿದ್ದೇನೆ. ವಸುಧಾ ರಾತ್ರಿ ರೇಡಿಯೋ ಹಚ್ಚಿಟ್ಟೇ ಮಲಗುತ್ತಾಳೆ. ಸ್ಟೇಷನ್ ಸಿಗದೆ ಬರೀ ಗೊರಗೊರ ಅಂದರೂ ಆಗುತ್ತದೆ. ದ್ರೋಹಿಗೆ ಅದು ಗೊತ್ತು, ಯಾಕೆ ಅಂತಲೂ ಗೊತ್ತು. ಅವನು ಆ ಕೋಣೆಗೆ ಹೋಗಿ ರೇಡಿಯೋ ಆರಿಸುವ ದೃಶ್ಯವನ್ನು ನಿನ್ನೆ ಬರೆದು ಗೆಳತಿಗೆ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "ಇವನನ್ನ ಸಾಯಿಸಬೇಡ ಕಣೇ ಇಷ್ಟು ಬೇಗ."